ಗಿಣ್ಣದ ಹಾಲು ಮೊದಲು ಕರುವಿಗೆ

ಕಾಫಿ, ಅಡಿಕೆಗೆ ಕೊಟ್ಟಿಗೆ ಗೊಬ್ಬರ ಬೇಕೆಂದೇ ಹಸು ಕಟ್ಟಿದವರು ನಮ್ಮ ಸದಸ್ಯರಲ್ಲಿ ಹಲವರು. ಯಲಹಂಕದಲ್ಲಿ ಹಾಲು ಮಹಾಮಂಡಲದ ಮದರ್ ಡೇರಿ, ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಇರುವ ಈ ಸೀಮೆಯಲ್ಲಿ ಮಿಶ್ರತಳಿ ಹಸು ಸಾಕಣೆ ಹೊಸದೇನಲ್ಲ. ಆದರೂ ಮಾಸು ಬೀಳುವ ತನಕ ಕರುವಿಗೆ ಮೊಲೆಯೂಡಿಸಬಾರದೆಂಬ ಹಳೆಯ ನಂಬಿಕೆ ಕೆಲವು ಕೊಟ್ಟಿಗೆಗಳಲ್ಲಿ ಇನ್ನೂ ಉಳಿದಿದೆ.

ನಮ್ಮ ಕೊಟ್ಟಿಗೆಯಲ್ಲೂ ಒಮ್ಮೆ ಹೀಗೆಯೇ ಆಯಿತು. ಸಂಜೆ ಹುಟ್ಟಿದ ಹೆಣ್ಣುಗರುವನ್ನು ಬೆಳಗಿನವರೆಗೆ ತಾಯಿಯಿಂದ ದೂರ ಕಟ್ಟಿದೆವು. ಬೆಳಿಗ್ಗೆ ಕರೆದ ಗಿಣ್ಣದ ಹಾಲಿನಲ್ಲಿ ಹೆಚ್ಚಿನ ಪಾಲು ಒಲೆಗೂ ನೆರೆಮನೆಗಳಿಗೂ ಹೋಯಿತು. ಐದನೆಯ ದಿನ ಕರುವಿಗೆ ಬಿಳಿಭೇದಿ ಹತ್ತಿತು. ಏಳನೆಯ ದಿನ ಅದು ಉಳಿಯಲಿಲ್ಲ.

ಕಾರಣ ಸರಳ. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗಲೇ ಮಗುವಿಗೆ ಸೇರುತ್ತವೆ. ಹಸುವಿನ ಮಾಸು ಅವುಗಳನ್ನು ದಾಟಗೊಡುವುದಿಲ್ಲ. ಆದ್ದರಿಂದ ಕರು ಬರಿಗೈಯಲ್ಲಿ ಹುಟ್ಟುತ್ತದೆ; ಆ ಅಂಶಗಳು ಅದಕ್ಕೆ ಸಿಗುವುದು ಗಿಣ್ಣದ ಹಾಲಿನಿಂದ ಮಾತ್ರ. ಕರುವಿನ ಕರುಳು ಅವುಗಳನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ. ಆರು ಗಂಟೆಯ ನಂತರ ಈ ಶಕ್ತಿ ಬೇಗ ಕುಗ್ಗಿ, 24 ಗಂಟೆಯ ಹೊತ್ತಿಗೆ ಬಹುತೇಕ ನಿಂತುಹೋಗುತ್ತದೆ. ಇತ್ತ ಹಾಲಿನಲ್ಲೂ ಆ ಅಂಶ ಎರಡನೆಯ ಸಲ ಕರೆಯುವಾಗಲೇ ಬಹಳ ತಗ್ಗಿರುತ್ತದೆ.

ಮಾಸಿಗಾಗಿ ಕಾಯುವುದೂ ತಪ್ಪು ಲೆಕ್ಕವೇ. ಕರು ಮೊಲೆ ಚೀಪಿದಾಗ ತಾಯಿಯ ಗರ್ಭಕೋಶ ಸಂಕುಚಿಸುತ್ತದೆ. ಇದರಿಂದ ಮಾಸು ಬೀಳಲು ಸಹಾಯವೇ ಆಗುತ್ತದೆ.

ಗಮನಿಸತಕ್ಕ ಅಂಶಗಳು:

1. ಕೆಚ್ಚಲನ್ನು ತೊಳೆದು ಒರೆಸಿ, ಮೊದಲ ಒಂದೆರಡು ಧಾರೆ ಚೆಲ್ಲಿ, ಎರಡು ಗಂಟೆಯೊಳಗೆ ಕುಡಿಸಬೇಕು.

2. ಮೊದಲ ದಿನದ ಪ್ರಮಾಣ ಕನಿಷ್ಠ ಕರುವಿನ ತೂಕದ ಹತ್ತರಲ್ಲೊಂದು ಪಾಲು. 25 ಕಿಲೋ ಕರುವಿಗೆ ಎರಡೂವರೆ ಲೀಟರು. ಇದರಲ್ಲಿ ಅರ್ಧದಷ್ಟು ಮೊದಲ ಸಲವೇ ಹೋಗಲಿ.

3. ಕಾಯಿಸಬಾರದು. ಕಾಯಿಸಿದರೆ ಹಾಲು ಒಡೆಯುವುದಲ್ಲದೆ ನಿರೋಧಕ ಅಂಶವೂ ಕೆಡುತ್ತದೆ. ತಣ್ಣಗಾಗಿದ್ದರೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ.

4. ಗೊಟ್ಟದಲ್ಲಿ ಸುರಿಯಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಮೊಲೆತೊಟ್ಟಿನ ಬಾಟಲಿ ಉತ್ತಮ.

5. ತಾಯಿ ಸತ್ತರೆ ಅಥವಾ ಕೆಚ್ಚಲುಬಾವು ಇದ್ದರೆ, ಆಗತಾನೆ ಈದ ಆರೋಗ್ಯವಂತ ಬೇರೊಂದು ಹಸುವಿನ ಗಿಣ್ಣದ ಹಾಲಾಗಬಹುದು. ಹೆಚ್ಚಾದದ್ದನ್ನು ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮೊಟ್ಟೆ, ಹರಳೆಣ್ಣೆ ಬೆರೆಸಿದ ಹಾಲು ಹೊಟ್ಟೆ ತುಂಬಿಸೀತೇ ಹೊರತು ರೋಗ ತಡೆಯದು.

6. ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಲು ಮರೆಯಬೇಡಿ.

ನೆರೆಮನೆಗೆ ಗಿಣ್ಣು ಹಂಚುವ ಪದ್ಧತಿ ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆ ಹಾಲನ್ನು ಹೇಗೂ ಡೇರಿಗೆ ಹಾಕುವಂತಿಲ್ಲ; ಕರು ಕುಡಿದು ಮಿಕ್ಕದ್ದು ಬೆಲ್ಲ ಏಲಕ್ಕಿಯೊಡನೆ ಒಲೆಯೇರಲಿ. ಮೊದಲ ಕರೆ ಮಾತ್ರ ಕರುವಿನದು. ಇಂದು ಉಳಿದ ಹೆಣ್ಣುಗರುವೇ ಮೂರು ವರ್ಷದ ಹೊತ್ತಿಗೆ ನಿಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸು ಎಂಬುದನ್ನು ಸದಸ್ಯ ಬಾಂಧವರು ನೆನಪಿಡಬೇಕೆಂದು ಕೋರುತ್ತೇವೆ.