ಗುಡ್ಡೆ ಬಾಡಿನ ಲೆಕ್ಕಾಚಾರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮಾಂಸಾಹಾರಿ ಕುಟುಂಬಗಳಲ್ಲಿ ಯುಗಾದಿಯ ಹೋಳಿಗೆಗಿಂತ ಅದರ ಮರುದಿನದ ಹೊಸತೊಡಕಿನ ಬಾಡೂಟಕ್ಕೇ ನೆಂಟರು ಹೆಚ್ಚು ನೆರೆಯುತ್ತಾರೆ. ಬೆಂಗಳೂರಿಗೆ ದುಡಿಯಲು ಹೋದವರು, ಕೊಟ್ಟ ಹೆಣ್ಣುಮಕ್ಕಳು, ಅಳಿಯಂದಿರು ಕರೆಯದೆಯೇ ಬಂದು ಸೇರುವುದರಿಂದ, ಎಷ್ಟು ಎಲೆ ಬೀಳುತ್ತವೆಂಬುದು ಹಿಂದಿನ ರಾತ್ರಿಯವರೆಗೂ ಮನೆಯೊಡತಿಗೆ ಖಚಿತವಿರುವುದಿಲ್ಲ. ಹೀಗೆ ಗೊತ್ತುಗುರಿಯಿಲ್ಲದಂತೆ ಕಾಣುವ ಊಟದ ಸಿದ್ಧತೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆಕೊಬ್ಬರಿಯಾಗುವ ಕಾಯಿಯಂತೆ, ವರ್ಷವಿಡೀ ಸದ್ದಿಲ್ಲದೆ ನಡೆದಿರುತ್ತದೆ. ವಾರಕ್ಕೋ ತಿಂಗಳಿಗೋ ಇಷ್ಟೆಂದು ಕಟ್ಟಿ, ಹಬ್ಬದ ಹೊತ್ತಿಗೆ ಹಣದ ಬದಲು ಮಾಂಸವನ್ನೇ ಪಡೆಯುವ ಮಾಂಸದ ಚೀಟಿ ಇದರ ಒಂದು ದಾರಿ. ಹತ್ತಾರು ಮನೆಯವರು ಸೇರಿ ಕುರಿ ಕೊಂಡು, ಕಡಿದು, ಹಂಚಿಕೊಳ್ಳುವ ಗುಡ್ಡೆ ಮಾಂಸ ಇನ್ನೊಂದು.

ಈ ಹಂಚಿಕೆಯನ್ನು ಹತ್ತಿರ ನಿಂತು ನೋಡಬೇಕು. ತೋಟದ ನೆರಳಿನಲ್ಲಿ ಹಾಸಿದ ಎಲೆಗಳ ಮೇಲೋ ಪ್ಲಾಸ್ಟಿಕ್ ಹಾಳೆಯ ಮೇಲೋ ಪಾಲುದಾರರಷ್ಟೇ ಗುಡ್ಡೆಗಳನ್ನಿಟ್ಟು, ಮೊದಲು ಮೂಳೆಯ ತುಂಡು, ಆಮೇಲೆ ಮೆತ್ತನೆಯ ಮಾಂಸ, ಬಳಿಕ ಈಲಿ (ಯಕೃತ್ತು), ಬೋಟಿ (ಕರುಳು), ಕೊಬ್ಬು ಎಂದು ಸುತ್ತುಸುತ್ತಾಗಿ ಎಲ್ಲ ಗುಡ್ಡೆಗೂ ಹಾಕುತ್ತ ಬರುತ್ತಾರೆ. ದಪ್ಪ ಕಂಡ ಗುಡ್ಡೆಯಿಂದ ಚೂರೊಂದು ಪಕ್ಕದ್ದಕ್ಕೆ ಹಾರುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಈಲಿಯ ತುಣುಕಿನ ವಿಷಯದಲ್ಲಂತೂ ಸುತ್ತ ನಿಂತವರ ಕಣ್ಣು ಅತಿ ಚುರುಕು. ತಕ್ಕಡಿ ತೂಕವನ್ನು ಮಾತ್ರ ಸಮ ಮಾಡಬಲ್ಲದು, ಗುಡ್ಡೆಯಾದರೋ ರುಚಿಯನ್ನೂ ಸಮ ಮಾಡುತ್ತದೆ. ಕಿಲೋ ಲೆಕ್ಕದ ಅಂಗಡಿ ವ್ಯಾಪಾರದಲ್ಲಿ ಈ ನ್ಯಾಯ ಸಿಗುವುದು ಕಷ್ಟ.

 

ಮನೆಗೆ ಬಂದ ಪಾಲು ನೆಂಟರ ಸಂಖ್ಯೆಗೆ ತಕ್ಕಂತೆ ಹಿಗ್ಗುವುದು ಸಾರಿನಲ್ಲಿ. ಮಾಂಸ ಹೆಚ್ಚದಿದ್ದರೂ ರುಬ್ಬಿದ ಕಾಯಿ, ಹುರಿದ ಈರುಳ್ಳಿ, ಧನಿಯಾಗಳ ಮಸಾಲೆ ಹೆಚ್ಚಿಸಬಹುದು, ಮುದ್ದೆಯ ಎಸರಿಗೆ ಇನ್ನೊಂದು ಚೊಂಬು ನೀರು ಹುಯ್ಯಬಹುದು. ತೆಂಗಿನ ಸೀಮೆಯಲ್ಲಿ ಕಾಯಿಗೆ ಕೈ ಬಿಗಿ ಹಿಡಿಯುವ ಪ್ರಮೇಯವೇ ಇಲ್ಲ. ಆದರೆ ಹಸಿ ಕಾಯಿ ಬಿದ್ದ ಸಾರು ಬೇಸಿಗೆಯ ಸೆಕೆಗೆ ಬೇಗ ಹಳಸುವುದರಿಂದ, ಅನುಭವಸ್ಥೆಯಾದವಳು ಬೇಯಿಸಿದ ಮಾಂಸದಲ್ಲಿ ಒಂದು ಪಾಲನ್ನು ಮಸಾಲೆ ಬೆರೆಸದೆ ತೆಗೆದಿಟ್ಟು, ಮಧ್ಯಾಹ್ನದ ಪಂಕ್ತಿಗಳೆಲ್ಲ ಎದ್ದು ಗಂಡಸರು ಇಸ್ಪೀಟಿಗೆ ಕೂತ ಮೇಲೆ, ರಾತ್ರಿಯ ಊಟಕ್ಕೆ ಬೇರೆ ಕಾಯಿ ಒಡೆಯುತ್ತಾಳೆ. ಮಾಂಸ ಮುಟ್ಟದ ನೆಂಟರಿಗೆ ಹಿಂದಿನ ದಿನದ ಹೋಳಿಗೆ ಸಾರು ಇದ್ದೇ ಇರುತ್ತದೆ, ಅದೂ ಮರುದಿನಕ್ಕೇ ಹೆಚ್ಚು ರುಚಿ.