ರಜಾ ಅರ್ಜಿಯೊಳಗಿನ ಹುಕುಂ

ಆಗಸ್ಟ್ ಬಂತೆಂದರೆ ನವಲಗುಂದ ಕಡೆಯ ಎರೆ ಹೊಲಗಳಲ್ಲಿ ಹೆಸರು ಬಿಡಿಸುವ ಗಡಿಬಿಡಿ, ನಮ್ಮ ಹೈಸ್ಕೂಲಿನಲ್ಲಿ ರಜಾ ಅರ್ಜಿಗಳ ಸುಗ್ಗಿ. ಹತ್ತನೆಯ ಇಯತ್ತೆಯವರು ಅರ್ಜಿಯನ್ನು ಇಂಗ್ಲಿಷಿನಲ್ಲೇ ಬರೆದು ತರಬೇಕೆಂದು ನಾನೇ ಕಟ್ಟು ಮಾಡಿದ್ದೇನೆ. ವರ್ಷವೂ ತಪ್ಪದೆ ಬರುವ ಸಾಲು ಒಂದಿದೆ: ‘ಸರ್, ಯೂ ಮಸ್ಟ್ ಗಿವ್ ಮಿ ಟೂ ಡೇಸ್ ಲೀವ್.’

ಹುಡುಗನ ಮನಸ್ಸಿನಲ್ಲಿರುವುದು ‘ರಜಾ ಕೊಡಬೇಕ್ರಿ ಸರ’ ಎಂಬ ಕೈಮುಗಿದ ಮಾತು. ಕಾಗದಕ್ಕೆ ಇಳಿದಾಗ ಅದು ಹೆಡ್‌ಮಾಸ್ತರಿಗೆ ಹೊರಡಿಸಿದ ಹುಕುಂ. ನಮ್ಮ ‘ಬೇಕು’ ಲಗ್ನಪತ್ರಿಕೆಯಲ್ಲಿ ವಿನಂತಿಯಾಗುತ್ತದೆ, ಕರೆಂಟ್ ಬಿಲ್ಲಿನಲ್ಲಿ ತಾಕೀತಾಗುತ್ತದೆ. ಮೆದುವೋ ಗಡಸೋ ಎಂಬುದನ್ನು ಕೊನೆಯ ‘ರಿ’ ಮತ್ತು ದನಿ ನೋಡಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ಬೇರೆ ಬೇರೆ ಸಹಾಯಕ ಕ್ರಿಯಾಪದಗಳಿವೆ. ಕೇಳಿಕೊಳ್ಳಲು ‘ಕುಡ್ ಯೂ ಪ್ಲೀಸ್’. ಬುದ್ಧಿ ಹೇಳಲು ‘ಶುಡ್’: ‘ಯೂ ಶುಡ್ ಸೀ ಎ ಡಾಕ್ಟರ್’ ಅಂದರೆ ‘ಡಾಕ್ಟರಿಗೆ ತೋರಿಸಿದರ ಛಲೋ’. ‘ಮಸ್ಟ್’ನಲ್ಲಿ ಸಾಮಾನ್ಯವಾಗಿ ಹೇಳುವವನದೇ ಒತ್ತಾಯ. ‘ಹ್ಯಾವ್ ಟು’ ಬಹುಮಟ್ಟಿಗೆ ಹೊರಗಿನ ಅನಿವಾರ್ಯ: ಸಂಜೆಯ ಕೊನೆಯ ಬಸ್ ಹಿಡಿಯಲೇಬೇಕಾದ ಹುಡುಗಿಗೆ ಯಾರ ಅಪ್ಪಣೆಯೂ ಬೇಕಿಲ್ಲ, ಬಸ್ಸೇ ಸಾಕು. ಆದರೆ ಊಟಕ್ಕೆ ಕರೆಯುವಾಗ ‘ಯೂ ಮಸ್ಟ್ ಕಮ್’ ಎಂದರೆ ಅದು ಅಕ್ಕರೆಯ ಜುಲುಮೆ. ಇದನ್ನು ಹೇಳಿದ ದಿನ ಹುಡುಗರು ‘ಹಂಗಾದ್ರ ರಜಾ ಅರ್ಜಿನೂ ಅಕ್ಕರಿದss ರಿ’ ಎಂದು ವಾದಕ್ಕೆ ನಿಂತರು!

ನಕಾರಕ್ಕೆ ಬಂದರೆ ಇನ್ನಷ್ಟು ಎಚ್ಚರ ಬೇಕು. ಹತ್ತಿಗೆ ಎಣ್ಣೆ ಹೊಡೆದ ದಿನ ಮಕ್ಕಳು ಹೊಲದೊಳಗೆ ಕಾಲಿಡಕೂಡದು. ಅಲ್ಲಿ ‘ಮಸ್ಟ್ ನಾಟ್’ ಆಗಬೇಕು. ‘ಡೋಂಟ್ ಹ್ಯಾವ್ ಟು’ ಎಂದು ಬರೆದರೆ ‘ಹೋಗಲೇಬೇಕೆಂದಿಲ್ಲ, ಹೋದರೂ ಅಡ್ಡಿಯಿಲ್ಲ’ ಎಂದಾಗಿಬಿಡುತ್ತದೆ. ‘ನೀಡ್ ನಾಟ್’ನದೂ ಇದೇ ಕಥೆ.

ಕಡ್ಡಾಯ ಹೇಳುವ ‘ಮಸ್ಟ್’ಗೆ ಭೂತಕಾಲದ ರೂಪವಿಲ್ಲ. ‘ಮಸ್ಟೆಡ್’ ಎಂದು ಬರೆಯುವವರೂ ಇದ್ದಾರೆ, ಪಾಪ. ಅದರ ಬದಲು ಬರುವ ‘ಹ್ಯಾಡ್ ಟು’ ಕಲಿಸಲೆಂದು ಒಮ್ಮೆ ಬೋರ್ಡಿನ ಮೇಲೆ ಬರೆದೆ: ‘1980ರಲ್ಲಿ ರೈತರು ಲೆವಿ ಕಟ್ಟಬೇಕಾಗಿತ್ತು.’ ಈ ಭಾಗದಲ್ಲಿ ಆ ಇಸವಿಯನ್ನು ಬಿಡಿಸಿ ಹೇಳಬೇಕಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ಜಮೀನುಗಳ ಮೇಲೆ ಹೇರಿದ್ದ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು; ಜುಲೈ 21ರಂದು ಗೋಲಿಬಾರ್ ಆಯಿತು, ಹೆಣಗಳು ಬಿದ್ದವು. ಇಂದಿಗೂ ಆ ದಿನ ನವಲಗುಂದ, ನರಗುಂದಗಳಲ್ಲಿ ಹುತಾತ್ಮರಿಗೆ ಮಾಲೆ ಬೀಳುತ್ತದೆ.

ಒಬ್ಬ ಹುಡುಗ ನನ್ನ ವಾಕ್ಯವನ್ನು ‘ಫಾರ್ಮರ್ಸ್ ಶುಡ್ ಹ್ಯಾವ್ ಪೇಯ್ಡ್ ದ ಲೆವಿ’ ಎಂದು ತಂದ. ಕನ್ನಡದ ‘ಕಟ್ಟಬೇಕಾಗಿತ್ತು’ ಎರಡಕ್ಕೂ ನಡೆಯುತ್ತದೆ, ಅವನ ತಪ್ಪೇನಿಲ್ಲ. ಆದರೆ ‘ಶುಡ್ ಹ್ಯಾವ್’ ಎಂದರೆ ಕಟ್ಟುವುದು ಸರಿಯಿತ್ತು, ಕಟ್ಟದೆ ಕೆಟ್ಟರು ಎಂದಂತೆ. ಅರ್ಥ ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು: ‘ನಮ್ಮಜ್ಜ ಚಳವಳಿಯೊಳಗ ಇದ್ದರ್ರಿ ಸರ. ಅವರು ಮಾಡಿದ್ದು ತಪ್ಪೇನ್ರಿ ಹಂಗಾದ್ರ?’ ‘ಹ್ಯಾಡ್ ಟು ಪೇ’ ಎಂದು ತಿದ್ದಿಸಿದೆ: ಸರಕಾರ ಹೇರಿತ್ತು ಅಷ್ಟೇ, ಸರಿಯೋ ತಪ್ಪೋ ಬೇರೆ ಮಾತು. ಅವಳಿಗೆ ಅದೂ ಸಾಲಲಿಲ್ಲ. ಕೆಳಗೆ ತಾನೇ ಇನ್ನೊಂದು ಸಾಲು ಸೇರಿಸಿದಳು: ‘ಗವರ್ನಮೆಂಟ್ ಶುಡ್ ನಾಟ್ ಹ್ಯಾವ್ ಆಸ್ಕ್ಡ್.’

ಆ ತಾಸೆಲ್ಲ ಲೆವಿಯ ಮಾತಿನಲ್ಲೇ ಹೋಯಿತು, ‘ಆಟ್ ಟು’ ಮರುದಿನಕ್ಕೆ ಉಳಿಯಿತು. ಅದಕ್ಕೆ ಬಹಳ ಹೊತ್ತು ಬೇಡ: ಹೆಚ್ಚುಕಡಿಮೆ ‘ಶುಡ್’ನ ಅರ್ಥವೇ, ಜೊತೆಗೆ ‘ಟು’ ಹಚ್ಚುವುದನ್ನು ಮರೆಯದಿದ್ದರಾಯಿತು.