ಬೆಳಗೆದ್ದಾಗ ಮಣಿಕಟ್ಟು ಜೋತುಬಿದ್ದರೆ

ಹೋಳೂರು ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ತಂದವರು ಬಾಕ್ಸಿನ ಅಂಚಿಗೆ ತೋಳು ಒತ್ತಿ ನಿದ್ದೆಹೋದರೆ, ಬೆಳಗೆದ್ದಾಗ ಮಣಿಕಟ್ಟು ಜೋತುಬೀಳಬಹುದು. ಬೆರಳು ನೀಡಲಾಗದು, ಹೆಬ್ಬೆರಳ ಬುಡದ ಹಿಂಬದಿ ಜೋಮು ಹಿಡಿಯುತ್ತದೆ. ತೋಳಿನ ಮೂಳೆಯನ್ನು ಹಿಂದಿನಿಂದ ಸುತ್ತಿ ಇಳಿಯುವ ರೇಡಿಯಲ್ ನರ ಗಂಟೆಗಟ್ಟಲೆ ಅದುಮಿದ್ದೇ ಇದಕ್ಕೆ ಕಾರಣ.

ಇದು ಫಾಲಿಜ್, ಅಂದರೆ ಪಾರ್ಶ್ವವಾಯು ಅಲ್ಲ. ಆದರೆ ನೀವೇ ತೀರ್ಮಾನಿಸಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕಾಲೂ ಸೋತರೆ ತಕ್ಷಣ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು. ಎಣ್ಣೆ ತಿಕ್ಕುತ್ತಾ ಅದನ್ನು ಕಳೆಯಬೇಡಿ.

ನರ ಅದುಮಿದ್ದಷ್ಟೇ ಎಂದು ಖಚಿತವಾದರೆ ಮಣಿಕಟ್ಟಿಗೆ ಪಟ್ಟಿಯ ಆಧಾರ ಕೊಟ್ಟು, ಇನ್ನೊಂದು ಕೈಯಿಂದ ಬೆರಳುಗಳನ್ನು ದಿನವೂ ಆಡಿಸಿ. ಬಹುಪಾಲು ಜನರಿಗೆ ಕೆಲವು ವಾರಗಳಿಂದ 3 ತಿಂಗಳೊಳಗೆ ಶಕ್ತಿ ಮರಳುತ್ತದೆ.